ಎರವಲು ಬಾಯಿ

ಅತ್ತೆಯ ಮನೆಯಲ್ಲಿ ಅಳಿಯಂದಿರಿಬ್ಬರಿಗೂ ಒಂದೇ ಅಳತೆಯ ಲೋಟದಲ್ಲಿ ಕಾಫಿ ಬರುತ್ತಿತ್ತು. ಆದರೂ ದೊಡ್ಡಳಿಯ ಕೂತಲ್ಲೇ ಕತ್ತು ತುಸು ಉದ್ದ ಮಾಡಿ, ಚಿಕ್ಕಳಿಯನ ಲೋಟದೊಳಗೆ ಒಮ್ಮೆ ಇಣುಕದೆ ತನ್ನದನ್ನು ತುಟಿಗೆ ಹಚ್ಚುತ್ತಿರಲಿಲ್ಲ. ಮೊದಲು ಹೀಗಿರಲಿಲ್ಲ. ಗುಡುಗಿನ ಹೊಸ ಹಾಡು ಚಿಕ್ಕಳಿಯನ ಪಾಲಾಯಿತು ಎಂದು ತಿಳಿದ ಭಾನುವಾರದಿಂದ ಈ ಚಾಳಿ ಅಂಟಿಕೊಂಡಿತ್ತು.

ಗುಡುಗು ಎಂಬುವನು ರ‍್ಯಾಪ್ ಹಾಡುವವನು. ತಾಯಿ ಇಟ್ಟ ಹೆಸರು ಬೇರೆ ಏನೋ ಇತ್ತು. ಈಗ ಆ ತಾಯಿಯೂ ಹಾಗೆ ಕರೆಯುವುದಿಲ್ಲ. ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತ, ಮೆಟ್ಟಿಲು ಹತ್ತುವ ಏದುಸಿರಿನಲ್ಲೇ ಪದ ಕಟ್ಟುತ್ತಿದ್ದ ಅವನನ್ನು ಮೊಟ್ಟಮೊದಲು ಕ್ಯಾಮೆರಾದ ಮುಂದೆ ನಿಲ್ಲಿಸಿದವನು ದೊಡ್ಡಳಿಯ. ಕ್ಯಾಮೆರಾ ಗೆಳೆಯನದು, ಜಾಗ ಕಾರು ನಿಲ್ಲಿಸುವ ಕಟ್ಟಡದ ಮೇಲಂತಸ್ತು, ಬೆಳಕು ಯಾರದೋ ವ್ಯಾನಿನ ಹೆಡ್‌ಲೈಟು. ಕಾವಲಿನವನು ಓಡಿಸುವ ಮೊದಲು ಎಷ್ಟು ಸಿಕ್ಕಿತೋ ಅಷ್ಟೇ ವಿಡಿಯೊ. ಅದು ಬೀದಿಬೀದಿಯ ಫೋನಿನಲ್ಲಿ ಓಡಿತು. ಅಲ್ಲಿಂದಾಚೆಗೆ ಗುಡುಗಿನ ಹಾಡು ಎಂದರೆ ದೊಡ್ಡಳಿಯನ ವಿಡಿಯೊ ಎಂದೇ ಆಯಿತು. ಬೇರೆ ಹಾಡುಗಾರರೂ ಅವನ ಬಾಗಿಲಿಗೆ ಬಂದರು. ಗೋಡೆಯ ಮೇಲೆ ಪ್ರಶಸ್ತಿಗಳು ಹತ್ತಿ ಕೂತವು.

ಅವನಿಗೆ ಹೆಸರು ತಂದ ಕೈಚಳಕ ಒಂದಿತ್ತು. ಶೂಟಿಂಗಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕುವುದು. ಹಾಡುವವನು ಅದೇ ವೇಗಕ್ಕೆ ಬಾಯಾಡಿಸುವುದು. ಕ್ಯಾಮೆರಾ ಕೂಡ ಅಷ್ಟೇ ವೇಗದಲ್ಲಿ ಹಿಡಿಯುವುದು. ಆಮೇಲೆ ಎಲ್ಲವನ್ನೂ ಸಹಜ ವೇಗಕ್ಕೆ ಇಳಿಸಿದರೆ ತುಟಿ ಹಾಡಿಗೆ ಸರಿಯಾಗಿ ಕೂಡುತ್ತದೆ, ಸುತ್ತಲಿನ ಲೋಕ ಮಾತ್ರ ನೀರೊಳಗಿದ್ದಂತೆ ಮೆಲ್ಲಗೆ ತೇಲುತ್ತದೆ. ಈ ಉಪಾಯ ತಿಳಿದವರು ಬೇಕಾದಷ್ಟು ಜನರಿದ್ದರು. ಆದರೆ ಆ ವೇಗದಲ್ಲಿ ಎಂಥ ಹಾಡುಗಾರನಿಗೂ ನಾಲಿಗೆ ಗಂಟು ಬೀಳುತ್ತದೆ, ತನ್ನದೇ ಪದ ತನಗೆ ಮರೆಯುತ್ತದೆ. ದೊಡ್ಡಳಿಯ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಕ್ಯಾಮೆರಾದ ಕಣ್ಣಿನ ಕೆಳಗೇ ಮಂಡಿಯೂರಿ ಕೂತು, ಇಡೀ ಹಾಡನ್ನು ಸದ್ದಿಲ್ಲದೆ ತಾನೂ ಬಾಯಾಡಿಸುತ್ತಿದ್ದ. ಹಾಡುಗಾರ ಅವನ ತುಟಿ ನೋಡಿಕೊಂಡು ಹೋಗಿಬಿಡುತ್ತಿದ್ದ. ಸೆಟ್ಟಿನವರು ಇದಕ್ಕೆ ‘ಬಾಯಿ ಕೊಡೋದು’ ಎನ್ನುತ್ತಿದ್ದರು.

ಈ ವಿದ್ಯೆ ಅವನಿಗೆ ಸಿನಿಮಾದವರಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ಅಜ್ಜಿ ಪುಸ್ತಕ ಮುಟ್ಟದೆ ಸಂಜೆಯೆಲ್ಲ ಪದ್ಯ ಹೇಳುತ್ತಿದ್ದಳು. ನೆರೆಯವರು ಗೋಡೆಗೊರಗಿ ಕೇಳುತ್ತಿದ್ದರು. ವಯಸ್ಸಾದಂತೆ ನೆನಪು ಅಲ್ಲಲ್ಲಿ ಕೈಕೊಡತೊಡಗಿದಾಗ, ಮೊಮ್ಮಗ ಅವಳ ಎದುರಿಗೆ ಕೂತು ಮುಂದಿನ ಪದವನ್ನು ತುಟಿಯಲ್ಲಷ್ಟೇ ಆಡಿಸುತ್ತಿದ್ದ. ಅವಳು ಅದನ್ನು ಕಣ್ಣಿನಿಂದ ಎತ್ತಿಕೊಂಡು, ಉಸಿರು ಮುರಿಯದೆ ಮುಂದಕ್ಕೆ ಸಾಗುತ್ತಿದ್ದಳು. ಕೇಳುವವರಿಗೆ ಸುಳಿವೇ ಸಿಗುತ್ತಿರಲಿಲ್ಲ. "ದೇವರ ಮಾತು ನನ್ನ ಬಾಯಲ್ಲಿದೆ, ನನ್ನ ಬಾಯಿ ನಿನ್ನ ಬಾಯಲ್ಲಿದೆ ಮಗಾ. ತಪ್ಪು ಪದ ಕೊಟ್ಟೀಯ, ಜೋಕೆ" ಎನ್ನುತ್ತಿದ್ದಳು. ಕೊನೆಯವರೆಗೂ ಅವನು ಒಂದೇ ಒಂದು ತಪ್ಪು ಪದ ಕೊಟ್ಟವನಲ್ಲ. ದೊಡ್ಡವನಾಗಿ ರ‍್ಯಾಪ್ ಹಾಡುಗಳ ನಡುವೆ ಬಿದ್ದಾಗಲೂ ಅವನ ಕ್ರಮ ಅದೇ: ಹಾಡು ಬಾಯಿಗೆ ಬರುವ ತನಕ ಒಂದು ಚಿತ್ರವನ್ನೂ ಯೋಚಿಸುತ್ತಿರಲಿಲ್ಲ. ಕಣ್ಣು ಮುಚ್ಚಿ, ಪ್ರಾರ್ಥನೆಗೆ ಕೂತವನಂತೆ ಕೂತು ಕೇಳುತ್ತಿದ್ದ. ಬೈಗುಳವಿದ್ದ ಹಾಡನ್ನೂ ಹಾಗೇ ಕೇಳುತ್ತಿದ್ದ.

ಕಾಲ ಮಗ್ಗುಲು ಬದಲಿಸಿತು. ಹಾಡು ಬಿಡುಗಡೆ ಮಾಡುವ ಕಂಪನಿಯವರಿಗೆ ಹಾರುವ ಕ್ಯಾಮೆರಾ ಬೇಕಾಯಿತು, ಕಂಪ್ಯೂಟರಿನಲ್ಲಿ ಉರಿಯುವ ಊರು ಬೇಕಾಯಿತು. ದೊಡ್ಡಳಿಯನ ಆಮೇಲಿನ ವಿಡಿಯೊಗಳು ಒಂದರ ಹಿಂದೊಂದು ಮಕಾಡೆ ಮಲಗಿದವು. ಈಗ ಅವನು ಹಾಸಿಗೆ ಅಂಗಡಿಯ ಜಾಹೀರಾತು ಮಾಡುತ್ತಿದ್ದ. ದಂಪತಿಗಳು ನಗುತ್ತ ಹಿಂದಕ್ಕೆ ಬಿದ್ದು, ಹಾಸಿಗೆಯ ಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ಪುಟಿಯುತ್ತಿದ್ದರು. ಕೈಚಳಕ ಅದೇ, ಬಿದ್ದ ಜಾಗ ಬೇರೆ.

ಚಿಕ್ಕಳಿಯ, ಅಂದರೆ ಅವನ ನಾದಿನಿಯ ಗಂಡ, ಶಾಲೆಗಳಿಗೆ ಹೋಗಿ ಮಕ್ಕಳ ಸಾಲುಫೋಟೊ ತೆಗೆಯುತ್ತಿದ್ದವನು. ಮದುವೆಯಾದ ಹೊಸತರಲ್ಲಿ ಅವನನ್ನು ಕೈ ಹಿಡಿದು ಸೆಟ್ಟಿಗೆ ಕರೆದುಕೊಂಡು ಹೋದವನು ಖುದ್ದು ದೊಡ್ಡಳಿಯ. "ನಮ್ಮ ಷಡ್ಡಕ" ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟವನೂ ಅವನೇ. ಹುಡುಗನಿಗೆ ಹಾಡಿನ ಪದ ತಲೆಗೆ ಹತ್ತುತ್ತಿರಲಿಲ್ಲ. ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆಯುತ್ತ ಮೂಲೆಯಲ್ಲಿ ಕೂತಿರುತ್ತಿದ್ದ. ಆಗೆಲ್ಲ ದೊಡ್ಡಳಿಯ ನಗುತ್ತಿದ್ದ. ಈಗ ಆ ಚಿತ್ರಗಳೇ ಕಂಪನಿಯವರ ಮೇಜಿನ ಮೇಲಿದ್ದವು.

ಆ ಭಾನುವಾರ ಊಟ ಮುಗಿಸಿ ಎಲ್ಲರೂ ಕೈಯೊರೆಸಿಕೊಳ್ಳುತ್ತಿದ್ದಾಗ ಚಿಕ್ಕಳಿಯ ಕುರ್ಚಿಯ ತುದಿಗೆ ಜರುಗಿ ಕೂತ.

"ಭಾವ, ಒಂದು ವಿಷಯ. ಗುಡುಗು ಫೋನ್ ಮಾಡಿದ್ದ. ಹೊಸ ಹಾಡಿನ ವಿಡಿಯೊ ನೀನು ಮಾಡು ಅಂತಿದಾನೆ."

"ಮಾಡು."

"ನೀವು ಬೇಡ ಅಂದ್ರೆ ಬಿಟ್ಬಿಡ್ತೀನಿ."

ಕಸಿದುಕೊಂಡಿದ್ದರೆ ಬೈಯಬಹುದಿತ್ತು. ಹೀಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿ ಕೇಳುವವನನ್ನು ಏನು ಮಾಡುವುದು?

"ನಾನ್ಯಾಕೆ ಬೇಡ ಅನ್ಲಿ? ಹಾಡೇನು ನಮ್ಮಪ್ಪನ ಆಸ್ತಿನಾ?" ಎಂದು ದೊಡ್ಡಳಿಯ ನಕ್ಕ. ನಗು ಮುಗಿದ ಮೇಲೂ ಹಲ್ಲು ಸ್ವಲ್ಪ ಹೊತ್ತು ಹೊರಗೇ ಇತ್ತು.

ಅವನ ಹೆಂಡತಿ ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವವಳು. ಜನರ ಮನಸ್ಸನ್ನು ದವಡೆಯಿಂದಲೇ ಓದುತ್ತಿದ್ದಳು. ವಾರ ಕಳೆಯುವುದರೊಳಗೆ ಹೇಳಿದಳು:

"ಮಲಗಿದಾಗ ಹಲ್ಲು ಕಡೀತೀರ. ಡಾಕ್ಟ್ರ ಹತ್ರ ಹೇಳಿ ಒಂದು ಕವಚ ಮಾಡಿಸ್ತೀನಿ."

"ನಾನು ಯಾರ ಮೇಲೂ ಹಲ್ಲು ಕಡೀತಿಲ್ಲ."

"ಯಾರ ಮೇಲೆ ಅಂತ ನಾನೆಲ್ಲಿ ಕೇಳ್ದೆ?"

ಅವನು ಮಾತು ಬದಲಿಸಿದ.

ಹಾಡು ಅವನಿಗೆ ಸಿಕ್ಕಿದ್ದು ಕಳ್ಳದಾರಿಯಲ್ಲಿ. ನಾದಿನಿ ಹೆಮ್ಮೆ ತಡೆಯಲಾರದೆ ಅಕ್ಕನ ಫೋನಿಗೆ ಅದನ್ನು ಕಳಿಸಿದ್ದಳು. ಹೆಂಡತಿ ಸ್ನಾನಕ್ಕೆ ಹೋದಾಗ ಅವನು ಅದನ್ನು ತನ್ನ ಫೋನಿಗೆ ಇಳಿಸಿಕೊಂಡ. ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದೆಸಿಟ್ಟ ಹಾಸಿಗೆಗಳ ರಾಶಿಯಿತ್ತು. ಜಾಹೀರಾತಿನ ಕೆಲಸದ ನಡುವೆ ಬಿಡುವಾದಾಗಲೆಲ್ಲ ಅಲ್ಲಿ ಒರಗಿ, ಕಿವಿಗೆ ಹಾಡು ಹಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದ. ಹಾಡು ಚೆನ್ನಾಗಿರಬಾರದು ಎಂದು ಮನಸಾರೆ ಬೇಡಿಕೊಂಡಿದ್ದ. ಹಾಡು ಚೆನ್ನಾಗಿತ್ತು. ಕೊನೆಯ ಎರಡು ಸಾಲನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ಕೇಳುತ್ತಿದ್ದ:

ಬೀದಿಗೆ ಗೊತ್ತು ನನ್ನ ಗಂಟಲಿನ ರೇಟು
ನನ್ನ ಮೊದಲ ಮೈಕು ಅಮ್ಮನ ಸೌಟು

ಆ ಸೌಟು ಅವನಿಗೆ ಗೊತ್ತಿತ್ತು. ಹಿಂದೆ ಕಾರು ನಿಲ್ಲಿಸುವ ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದಾಗ ಗುಡುಗು ಹೇಳಿದ್ದ, ಚಿಕ್ಕವನಿದ್ದಾಗ ಅಡುಗೆಮನೆಯಲ್ಲಿ ಅಮ್ಮನ ಸೌಟು ಕಸಿದು ಬಾಯಿಗೆ ಹಿಡಿದು ಕೂಗುತ್ತಿದ್ದೆ, ಸಾರು ತೊಟ್ಟಿಕ್ಕಿ ಅಂಗಿಯೆಲ್ಲ ಕಲೆಯಾಗುತ್ತಿತ್ತು ಎಂದು. ಆ ಮಾತು ಈಗ ಹಾಡಾಗಿ ಬಂದಿತ್ತು, ಇನ್ನೊಬ್ಬನ ಕೈಗೆ ಸೇರಿತ್ತು. ದೊಡ್ಡಳಿಯ ಪಕ್ಕದ ಮನೆಯ ಹಣ್ಣು ಕದ್ದು ತಿನ್ನುವವನಂತೆ ಆ ಹಾಡನ್ನು ತಿಂದ. ಬಾಯಿಗೆ ಬಂತು, ಉಸಿರಿಗೆ ಬಂತು. ತಲೆಯೊಳಗೇ ಇಡೀ ವಿಡಿಯೊ ತೆಗೆದ: ಕತ್ತಲ ಮೆಟ್ಟಿಲುಗಳು, ಹೆಗಲ ಮೇಲೆ ಪಾರ್ಸೆಲ್, ಮೇಲೆ ತೆರೆದುಕೊಳ್ಳುವ ಒಂದು ಬಾಗಿಲು. ಅದು ಬೇಕೆಂದು ಯಾರೂ ಕೇಳಿರಲಿಲ್ಲ.

ಶೂಟಿಂಗಿನ ದಿನ ಅತ್ತೆ ಫೋನ್ ಮಾಡಿದರು. "ನೀವೊಂದು ಗಳಿಗೆ ಹೋಗಿ ನಿಂತ್ಕೊಳ್ಳಿ. ನೀವಿದ್ರೆ ಅವರಿಗೊಂದು ಧೈರ್ಯ." ದೊಡ್ಡಳಿಯ ಹೂಂಗುಟ್ಟಿದ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಹೋದರೆ ಹೊಟ್ಟೆಯೊಳಗೆ ಕಿಚ್ಚಿರುವುದು ತನಗೊಬ್ಬನಿಗೇ ಗೊತ್ತು.

ಜಾಗ ನೋಡಿದ ಕೂಡಲೇ ಅವನ ಕಾಲು ನಿಂತಿತು. ಯಾವುದೋ ಕ್ಲಬ್ಬಿನ ಈಜುಕೊಳ, ತೊಳೆಯಲೆಂದು ನೀರು ಖಾಲಿ ಮಾಡಿದ್ದರು. ನೆಲ, ಗೋಡೆ ಎಲ್ಲ ನೀಲಿ ಹೆಂಚು. ಆಳದ ತುದಿಯಿಂದ ಇಳಿಜಾರಿನಲ್ಲಿ ಗುಡುಗು ನಡೆದು ಬರಬೇಕು. ಇಕ್ಕೆಲದಲ್ಲಿ ಕುಣಿಯುವವರು ಬಿಳಿ ಹಾಸುಬಟ್ಟೆಗಳನ್ನು ಮೇಲಕ್ಕೆ ಎಸೆಯಬೇಕು. ನಿಧಾನವಾದಾಗ ಆ ಬಟ್ಟೆಗಳು ಗಾಳಿಯಲ್ಲಿ ನಿಂತೇಬಿಡುತ್ತವೆ, ನೀರಿಲ್ಲದ ಕೊಳದಲ್ಲಿ ನೀರಿನಂತೆ ಅಲೆಯುತ್ತವೆ. ಅದರ ನಡುವೆ ಗುಡುಗು ಹಾಡುತ್ತ ಬಂದು, ಕೊನೆಯ ಸಾಲಿಗೆ ಸರಿಯಾಗಿ ಅವನ ಮುಖ ಕ್ಯಾಮೆರಾವನ್ನು ತುಂಬಿಕೊಳ್ಳುತ್ತದೆ. ಇಷ್ಟೂ ಕತ್ತರಿಯಿಲ್ಲದ ಒಂದೇ ಓಟ.

‘ಇದು ನನಗೆ ಯಾಕೆ ಹೊಳೆಯಲಿಲ್ಲ?’ ಎಂದು ದೊಡ್ಡಳಿಯನೊಳಗೆ ಏನೋ ಕುಟುಕಿತು. ತನ್ನ ಮೆಟ್ಟಿಲು, ತನ್ನ ಪಾರ್ಸೆಲ್, ತನ್ನ ಬಾಗಿಲು ಎಲ್ಲವೂ ಈ ನೀಲಿಯ ಎದುರಿಗೆ ಹಳೇ ಸಾಮಾನಿನ ಅಂಗಡಿಯಂತೆ ಕಂಡವು.

"ಭಾವ ಬಂದ್ರು! ಕುರ್ಚಿ ತಗೊಂಬನ್ನಿ" ಎಂದು ಚಿಕ್ಕಳಿಯ ಓಡಿ ಬಂದ. ಮುಖ ಬೆವರಿತ್ತು. "ಬೆಳಗಿನಿಂದ ಆಗ್ತಾ ಇಲ್ಲ ಭಾವ. ಅರ್ಧಕ್ಕೆ ಬರೋಷ್ಟ್ರಲ್ಲಿ ಅವನ ನಾಲಿಗೆ ಹೊರಳ್ತಿಲ್ಲ. ಇನ್ನೇನು ಬಿಸಿಲು ಕೊಳದಿಂದ ಮೇಲೆ ಹತ್ತಿಬಿಡುತ್ತೆ. ನಾಳೆ ಬೆಳಿಗ್ಗೆ ನೀರು ತುಂಬಿಸ್ತಾರಂತೆ."

ಗುಡುಗು ಕೊಳದ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದವನು ದೊಡ್ಡಳಿಯನನ್ನು ಕಂಡು ಎದ್ದ. "ಗುರೂ! ಎಲ್ಲಿದ್ದೆ ಮಾರಾಯ? ಹಾಸಿಗೆ ಮೇಲೇ ಮಲಗಿಬಿಟ್ಟೆ ಅಂದ್ಕೊಂಡೆ."

ಸುತ್ತಲಿನವರು ನಕ್ಕರು. ದೊಡ್ಡಳಿಯನೂ ನಕ್ಕ.

"ನಿನ್ನ ಕಾಲದಲ್ಲಿ ನಿನ್ನ ಬಾಯಿ ನೋಡ್ಕೊಂಡು ಹೋಗಿಬಿಡ್ತಿದ್ದೆ" ಎಂದ ಗುಡುಗು. "ಇವನು ಚೆಂದ ಚಿತ್ರ ಬರೀತಾನೆ, ಬಾಯಿ ಕೊಡೋಕೆ ಬರಲ್ಲ."

‘ನಿನ್ನ ಕಾಲ’ ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಆದರೆ ‘ಬರಲ್ಲ’ ಎಂಬ ಮಾತು ತಣ್ಣಗೆ ಸವರಿತು.

ಚಿಕ್ಕಳಿಯ ಸಂಕೋಚದಿಂದ ಹತ್ತಿರ ಬಂದ. "ಭಾವ, ಕೇಳೋಕೆ ಬಾಯಿ ಬರ್ತಿಲ್ಲ. ನಿಮಗೆ ಹಾಡು ಗೊತ್ತಿಲ್ಲ ಅಂತ ನನಗೆ ಗೊತ್ತು. ಪದ ಪೂರ್ತಿ ಬರೆದಿಟ್ಟಿದೀವಿ, ಸ್ವಲ್ಪ ನೋಡ್ಕೊಂಡು..."

"ಬೇಡ."

"ಒಂದ್ಸಲ ಕಣ್ಣಾಡಿಸಿ ಸಾಕು ಭಾವ."

"ಬೇಡ ಅಂದೆನಲ್ಲ. ಬರುತ್ತೆ ನನಗೆ."

"ಬರುತ್ತಾ?" ಚಿಕ್ಕಳಿಯ ಕಣ್ಣರಳಿಸಿದ. ಯಾರಿಗೂ ಕೊಡದ ಹಾಡು ಇವನಿಗೆ ಹೇಗೆ ಬಂತು ಎಂದು ಅವನು ಕೇಳಲಿಲ್ಲ. ದೊಡ್ಡಳಿಯನ ಕಿವಿ ಕೆಂಪಾಯಿತು. ಶಾಲೆಯ ಫೋಟೊ ತೆಗೆಯುತ್ತಿದ್ದವನ ಕೈಯಿಂದ ಹಾಳೆ ಇಸಿದುಕೊಂಡು ಪದ ಓದುವಷ್ಟು ಅವನಿನ್ನೂ ಕೆಳಗಿಳಿದಿರಲಿಲ್ಲ.

ಅವನು ಕ್ಯಾಮೆರಾದ ಕೆಳಗೆ ಮಂಡಿಯೂರಿದ. ಅವನ ಬಾಯಿ ಗುಡುಗಿಗೆ ದೂರದಿಂದಲೂ ಕಾಣಲೆಂದು ಒಬ್ಬಳು ಪಕ್ಕದಲ್ಲಿ ನಿಂತು, ಬಿಳಿ ಹಲಗೆಯಿಂದ ಬಿಸಿಲನ್ನು ಅವನ ಮುಖಕ್ಕೆ ತಿರುಗಿಸಿದಳು. ನೀಲಿ ಹೆಂಚಿನ ಬಿಸಿ ಮಂಡಿಗೆ ತಟ್ಟಿತು. ಎಷ್ಟೋ ದಿನವಾಗಿತ್ತು ಹೀಗೆ ಕೂತು.

ಹಾಡು ಶುರುವಾಯಿತು. ಎರಡು ಪಟ್ಟು ವೇಗದಲ್ಲಿ ಅದು ಇಲಿಗಳ ಜಗಳದಂತೆ ಕೀಚಲು. ದೊಡ್ಡಳಿಯನ ತುಟಿ ಓಡತೊಡಗಿತು. ದೂರದ ತುದಿಯಲ್ಲಿ ಗುಡುಗಿನ ಕಣ್ಣು ಅವನ ತುಟಿಗೆ ನೆಟ್ಟಿತು, ಮತ್ತೆ ಕದಲಲಿಲ್ಲ. ಬಟ್ಟೆಗಳು ಮೇಲಕ್ಕೆ ಹಾರಿದವು. ಇವನು ಕೊಟ್ಟ, ಅವನು ತೆಗೆದುಕೊಂಡ. ಉಸಿರಿಗೆ ಉಸಿರು ಕೂಡಿತು. ಒಂದು ಗಳಿಗೆ ದೊಡ್ಡಳಿಯನಿಗೆ ಷಡ್ಡಕ ಮರೆತುಹೋದ, ಹಾಸಿಗೆ ಮರೆತುಹೋಯಿತು. ಅಜ್ಜಿಯ ಎದುರು ಕೂತವನೇ ಆಗಿಬಿಟ್ಟಿದ್ದ. ಗುಡುಗು ಹತ್ತಿರವಾದ, ಇನ್ನೂ ಹತ್ತಿರವಾದ, ಅವನ ಮುಖ ಆಕಾಶದಂತೆ ಮೇಲೆ ಬಾಗಿತು. ಗಂಟಲಿನ ರೇಟು. ಮೊದಲ ಮೈಕು. ಅಮ್ಮನ...

ಆ ಕೀಚಲಿನೊಳಗಿಂದ ಅವನ ಕಿವಿ ಬೇರೊಂದು ಪದವನ್ನು ಹೆಕ್ಕಿತು.

ಸ್ಪೀಕರಿನಲ್ಲಿ ಬಂದದ್ದು ಅಮ್ಮನ ಸೌಟು ಆಗಿರಲಿಲ್ಲ. ‘ನನ್ನ ಕೈಯ ಮೈಕು ಸಿಡಿಲಿನ ಏಟು.’ ಕಂಪನಿಯವರು ಆಮೇಲೆ ಸಾಲು ಬದಲಿಸಿದ್ದರು. ಅವನು ಕದ್ದು ಕಲಿತದ್ದು ಹಳೆಯ ಸಾಲು. ಗುಡುಗಿನ ಬಾಯಿ ಸ್ಪೀಕರನ್ನು ಕೇಳಿರಲಿಲ್ಲ. ದೊಡ್ಡಳಿಯನ ತುಟಿಯನ್ನು ನೋಡಿತ್ತು. ಅವನು ಕೊಟ್ಟದ್ದನ್ನೇ ಆಡಿತ್ತು.

"ಕಟ್!"

ಕೊಳದ ಗೋಡೆಗಳೆಲ್ಲ ಚಪ್ಪಾಳೆ ಹೊಡೆದಂತಾಯಿತು. ಗುಡುಗು ಮಂಡಿ ಹಿಡಿದು ಬಗ್ಗಿ ಏದುಸಿರು ಬಿಡುತ್ತಿದ್ದ. ಆ ವೇಗದಲ್ಲಿ ತಾನು ಏನು ಆಡಿದೆ ಎಂಬ ಅರಿವು ಅವನಿಗಿರಲಿಲ್ಲ. ಬೇರೆ ಯಾರಿಗೂ ಇರಲಿಲ್ಲ. ಅಮ್ಮ ಎನ್ನಬೇಕಾದರೆ ತುಟಿಗೆ ತುಟಿ ಸೇರಲೇಬೇಕು. ಸಿಡಿಲು ಎನ್ನುವಾಗ ಸೇರುವ ಮಾತೇ ಇಲ್ಲ. ಇಡೀ ವಿಡಿಯೊದಲ್ಲಿ ಮುಖ ಅತಿ ದೊಡ್ಡದಾಗಿ ಕಾಣುವ ಜಾಗದಲ್ಲೇ ಬಾಯಿ ಒಂದು ಹೇಳುತ್ತದೆ, ಹಾಡು ಒಂದು ಹೇಳುತ್ತದೆ.

ಚಿಕ್ಕಳಿಯ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ. "ಭಾವ, ನಿಮ್ಮ ಕಿವಿ ಮೇಲೆ ಬಿಟ್ಟಿದೀನಿ. ಬಿಸಿಲು ಇನ್ನೊಂದು ಸಲಕ್ಕೆ ಇದೆ. ಬಾಯಿ ಕೂಡಿತ್ತಾ?"

ದೊಡ್ಡಳಿಯ ನೋಡಿದ. ಬಿಸಿಲು ಕೊಳದ ಅಂಚಿಗೆ ಅಂಟಿಕೊಂಡಿತ್ತು. ಇನ್ನೊಂದು ಸಲಕ್ಕೆ ಸಾಕಾಗುವಷ್ಟು ಇತ್ತು. ಚಿಕ್ಕಳಿಯನ ಕಣ್ಣಲ್ಲಿ ನಂಬಿಕೆಯಿತ್ತು. ಅದರ ಹಿಂದೆ ಆ ನೀಲಿ ಕೊಳವಿತ್ತು, ತನಗೆ ಹೊಳೆಯದೇ ಹೋದ ಕೊಳ.

"ಕೂಡಿತ್ತು" ಎಂದ.

ಬಿಸಿಲು ಗೋಡೆ ಹತ್ತಿ ಹೋಯಿತು. ಬಟ್ಟೆ ಮಡಿಸಿದರು, ತಂತಿ ಸುತ್ತಿದರು. ಚಿಕ್ಕಳಿಯ ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಮರುದಿನ ಬೆಳಿಗ್ಗೆ ಕೊಳಕ್ಕೆ ನೀರು ಬಿಟ್ಟರಂತೆ.

ಆಮೇಲಿನ ದಿನಗಳು ದೊಡ್ಡಳಿಯನಿಗೆ ವಿಚಿತ್ರ ರುಚಿಯವು. ಮೊದಮೊದಲು ಸಿಹಿಯೇ ಇತ್ತು. ಎಡಿಟಿಂಗ್ ಕೋಣೆಯಲ್ಲಿ ಚಿಕ್ಕಳಿಯ ಪೆಚ್ಚಾಗಿ ಕೂತಿರುವುದನ್ನು, ಕಂಪನಿಯವರು ಮುಖ ಸಿಂಡರಿಸುವುದನ್ನು ಕಣ್ಣಿಗೆ ಕಟ್ಟಿಕೊಂಡು ನೋಡಿದ. ಸಮಾಧಾನದ ಮಾತನ್ನೂ ತಯಾರು ಮಾಡಿಟ್ಟುಕೊಂಡ: ‘ಆಗುತ್ತೆ ಬಿಡು, ಮೊದಲನೇ ಸಲ ಅಲ್ವಾ.’ ಕನ್ನಡಿಯ ಮುಂದೆ ಒಮ್ಮೆ ಹೇಳಿಯೂ ನೋಡಿದ. ಆಗಲೇ ತನ್ನ ತುಟಿ ಕಂಡಿತು. ಅಜ್ಜಿಗೆ ಬಾಯಿ ಕೊಟ್ಟ ತುಟಿ ಅದು. ತಪ್ಪು ಪದ ಕೊಟ್ಟದ್ದು ಕಣ್ತಪ್ಪಿ ಆದದ್ದು, ದೇವರು ಒಪ್ಪಿಯಾನು. ಆ ‘ಕೂಡಿತ್ತು’ ಎಂಬುದು ಮಾತ್ರ ಕಣ್ತಪ್ಪಿದ್ದಲ್ಲ. ಅಂದಿನಿಂದ ಪ್ರಾರ್ಥನೆಗೆ ಕೂತರೆ ಪದ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಮುಂದಿನ ಪದ ಕೊಡಲು ಎದುರಿಗೆ ಯಾರೂ ಇರಲಿಲ್ಲ.

ಹೆಂಡತಿ ಹಲ್ಲಿನ ಕವಚ ತಂದುಕೊಟ್ಟಳು. "ಇದನ್ನೂ ಕಡಿದು ತೂತು ಮಾಡಬೇಡಿ."

ಕೊನೆಗೆ ಫೋನ್ ಬಂತು. "ಭಾವ, ಸ್ವಲ್ಪ ಬಂದು ಹೋಗ್ತೀರಾ?" ಚಿಕ್ಕಳಿಯನ ದನಿ ಸಪ್ಪಗಿತ್ತು. ದೊಡ್ಡಳಿಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ.

ಎಡಿಟಿಂಗ್ ಕೋಣೆ ಬೀಗದ ಕೈ ಮಾಡುವ ಅಂಗಡಿಯ ಮೇಲಿತ್ತು. ಕೆಳಗಿನ ಗರಗಸದ ಕಿರ್ ಎಂಬ ಸದ್ದು ಮೇಲಕ್ಕೂ ಬರುತ್ತಿತ್ತು. ಗುಡುಗೂ ಅಲ್ಲೇ ಇದ್ದ. ಪರದೆಯ ಮೇಲೆ ಆ ಮುಖ ನಿಂತಿತ್ತು, ತುಟಿಗೆ ತುಟಿ ಸೇರಿಸಿಕೊಂಡು.

"ಗುರೂ, ನೋಡು ಇಲ್ಲಿ" ಎಂದು ಗುಡುಗು ಅವನ ರಟ್ಟೆ ಹಿಡಿದು ಎಳೆದ. "ಸಿಡಿಲು ಅನ್ನೋ ಕಡೆ ನಾನು ಅಮ್ಮ ಅಂದಿದೀನಿ! ಕಂಪನಿಯವರು ಸೌಟು ಬೇಡ, ಅಡುಗೆಮನೆ ವಾಸನೆ ಬರುತ್ತೆ ಅಂದ್ರು, ನಾನೂ ಬಾಲ ಅಲ್ಲಾಡಿಸ್ಕೊಂಡು ಹೂಂ ಅಂದೆ. ನನ್ನ ನಾಲಿಗೆ ಹೂಂ ಅಂದಿಲ್ಲ ನೋಡು! ನನಗಿಲ್ಲದ ನಿಯತ್ತು ನನ್ನ ನಾಲಿಗೆಗಿದೆ. ತಾನಾಗೇ ಬಂದಿದೆ, ತಾನಾಗೇ!"

ದೊಡ್ಡಳಿಯನ ಬಾಯಿ ತೆರೆಯಿತು. ‘ತಾನಾಗೇ ಅಲ್ಲ ಕಣೋ, ನಾನು ಕೊಟ್ಟದ್ದು’ ಎಂಬುದು ಹಲ್ಲಿನ ತನಕ ಬಂತು. ಹೇಳಿದರೆ ಅದರ ಬಾಲ ಹಿಡಿದು ಇನ್ನೊಂದು ಮಾತು ಹೊರಬರುತ್ತದೆ: ಗೊತ್ತಿದ್ದೂ ಕೂಡಿತ್ತು ಎಂದದ್ದು ಯಾಕೆ? ತೆರೆದ ಬಾಯಿ ಮುಚ್ಚಿಕೊಂಡಿತು.

"ನಿನ್ನೆ ಮತ್ತೆ ಹಾಡಿ ರೆಕಾರ್ಡ್ ಮಾಡಿದ್ವಿ" ಎಂದ ಗುಡುಗು. "ಸೌಟು ವಾಪಸ್ ಬಂತು. ಕಂಪನಿಯವರು ಹಾರಾಡಿದ್ರು. ಈ ನಿನ್ನ ಷಡ್ಡಕ ಇದಾನಲ್ಲ, ಎದ್ದು ನಿಂತು ಹೇಳ್ದ, ಈ ಶಾಟ್ ತೆಗೆದು ಹಾಕಿದ್ರೆ ನನ್ನನ್ನೂ ತೆಗೆದು ಹಾಕಿ ಅಂತ. ಈ ಮೆತ್ತಗಿನ ಆಸಾಮಿ!"

ಮೆತ್ತಗಿನ ಆಸಾಮಿ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದ. "ನಿಮಗೆ ಮೊದಲು ತೋರಿಸ್ಬೇಕು ಅನ್ನಿಸ್ತು ಭಾವ" ಎಂದಷ್ಟೇ ಹೇಳಿದ. ತಲೆ ಎತ್ತಲಿಲ್ಲ.

ದೊಡ್ಡಳಿಯ ತಯಾರು ಮಾಡಿ ತಂದಿದ್ದ ಸಮಾಧಾನದ ಮಾತನ್ನು ಹಾಗೇ ಮಡಿಸಿಕೊಂಡು ಮನೆಗೆ ವಾಪಸ್ ಒಯ್ದ.

ವಿಡಿಯೊ ಬಿಡುಗಡೆಯಾಯಿತು. ನೀಲಿ ಕೊಳ ಒಂದು ಕಡೆ, ಸೌಟು ಇನ್ನೊಂದು ಕಡೆ. ಜನ ಎರಡನ್ನೂ ತಲೆಯ ಮೇಲೆ ಹೊತ್ತರು. ಸೌಟು ಹಿಡಿದು ಹಾಡುವ ಮಕ್ಕಳ ವಿಡಿಯೊಗಳು ಎಲ್ಲೆಲ್ಲೂ ಹರಿದಾಡಿದವು. ಹಾಡುಗಾರನ ಎದೆಯಾಳದ ಮಾತನ್ನು ಕಳೆಯಲು ಬಿಡದ ನಿರ್ದೇಶಕ ಎಂದು ಚಿಕ್ಕಳಿಯನನ್ನು ಹೊಗಳಿದರು. ಅವನೋ ಹೋದಲ್ಲೆಲ್ಲ "ಎಲ್ಲಾ ನಮ್ಮ ಭಾವ ಕಲಿಸಿದ್ದು" ಎನ್ನುತ್ತಿದ್ದ. ಅದನ್ನು ಕೇಳಿದಾಗ ದೊಡ್ಡಳಿಯನಿಗೆ ಮೈಯೆಲ್ಲ ಮೆಣಸಿನಪುಡಿ ಸವರಿದಂತಾಗುತ್ತಿತ್ತು. ತನ್ನ ಬಾಯಿ, ತಾನು ಕೊಟ್ಟ ಪದ, ತನ್ನ ತಪ್ಪು. ತಪ್ಪು ಕೂಡ ತನ್ನದಾಗಿ ಉಳಿಯಲಿಲ್ಲ. ಅದೂ ಚಿಕ್ಕಳಿಯನ ಹೆಸರಿಗೆ ಹೂವಾಯಿತು.

ಮುಂದಿನ ಭಾನುವಾರ ಅತ್ತೆಯ ಮನೆಯಲ್ಲಿ ದೊಡ್ಡ ಟಿವಿಗೆ ಅದನ್ನು ಹಾಕಿದರು. ಅತ್ತೆ ಕನ್ನಡಕ ಒರೆಸಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು. ಸೌಟಿನ ಸಾಲು ಬಂದಾಗ ಅವರ ಕಣ್ಣಲ್ಲಿ ನೀರು. "ಪಾಪ, ಅಂಗಿ ಮೇಲೆ ಸಾರು ಚೆಲ್ಕೊಂಡಿರ್ತಾನೆ" ಎಂದರು. ಎಲ್ಲರೂ ನಕ್ಕರು. "ಇನ್ನೊಂದ್ಸಲ ಹಾಕಮ್ಮ" ಎಂದರು.

ಇನ್ನೊಂದು ಸಲ ಹಾಕಿದಾಗ ನಾದಿನಿ ಟಿವಿಯ ಹತ್ತಿರ ಹೋಗಿ ಬೆರಳಿಟ್ಟಳು. "ಅಯ್ಯೋ, ನೋಡ್ರೀ! ಕಣ್ಣೊಳಗೆ ಯಾರೋ ಇದಾರೆ!"

ನಿಲ್ಲಿಸಿ ನೋಡಿದರು. ಪರದೆ ತುಂಬ ಗುಡುಗಿನ ಮುಖ, ಮುಖದಲ್ಲಿ ಎರಡು ಕಣ್ಣು, ಎರಡೂ ಪಾಪೆಯೊಳಗೆ ಬೆಳಕು ಬಿದ್ದ ಪುಟ್ಟ ಮನುಷ್ಯನೊಬ್ಬ ಮಂಡಿಯೂರಿ ಕೂತಿದ್ದ.

"ಅಳಿಸಿಬಿಡಿ ಅಂದಿದ್ರು ಕಂಪನಿಯವರು" ಎಂದ ಚಿಕ್ಕಳಿಯ, ಕಾಫಿ ಲೋಟ ನೋಡುತ್ತ. "ನಾನೇ ಬೇಡ ಅಂದೆ." ಆಮೇಲೆ ದೊಡ್ಡಳಿಯನ ಕಡೆ ಬಾಗಿ, ಅವನಿಗಷ್ಟೇ ಕೇಳುವಂತೆ ಹೇಳಿದ: "ದೊಡ್ಡದು ಮಾಡಿ ನೋಡಿದ್ರೆ ಬಾಯಿ ಕೂಡ ಕಾಣುತ್ತೆ ಭಾವ. ಏನು ಹೇಳ್ತಿದೆ ಅಂತ ಓದಬಹುದು. ನಾನು ಓದಿದೀನಿ."

ದೊಡ್ಡಳಿಯನ ಲೋಟ ತುಟಿಯ ಹತ್ತಿರವೇ ನಿಂತಿತು. ಇವನಿಗೆ ಗೊತ್ತು. ಎಡಿಟಿಂಗ್ ಕೋಣೆಯಲ್ಲಿ ಪೆನ್ಸಿಲ್ ಚೂಪು ಮಾಡುತ್ತ ತಲೆ ಎತ್ತದೆ ಕೂತಾಗಲೇ ಗೊತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ಪ್ರಾಣಿ ಅದಕ್ಕೂ ಆಸ್ಪದ ಕೊಡುವುದಿಲ್ಲ.

"ಯಾರು ಅಂತ ಗೊತ್ತಾಯ್ತಾ?" ಎಂದು ಅತ್ತೆ ಕೇಳಿದರು.

ಹೆಂಡತಿ ಟಿವಿಯನ್ನು ಒಮ್ಮೆ, ಗಂಡನ ದವಡೆಯನ್ನು ಒಮ್ಮೆ ನೋಡಿದಳು. ನಾದಿನಿ ಮತ್ತೆ ಹಾಡು ಓಡಿಸಿದಳು. ಗುಡುಗಿನ ತುಟಿ ಸೇರಿತು, ಅವನ ಕಣ್ಣೊಳಗಿನ ಪುಟ್ಟ ಮನುಷ್ಯನ ತುಟಿಯೂ ಸೇರಿತು, ಅದೇ ತಾಳಕ್ಕೆ. ಕೂತಲ್ಲಿ ದೊಡ್ಡಳಿಯನ ತುಟಿಯೂ ಸದ್ದಿಲ್ಲದೆ ಆಡಿತು. ಈ ಸಲ ಬಾಯಿ, ಹಾಡು, ಕಣ್ಣು ಎಲ್ಲ ಕೂಡಿದ್ದವು.

"ಆ ಬಿಳಿ ಹಲಗೆ ಒಂದು ಗೇಣು ಕೆಳಗೆ ಹಿಡಿಸ್ಬೇಕಿತ್ತು ನೀನು" ಎಂದ ದೊಡ್ಡಳಿಯ ಕೊನೆಗೆ. "ಮುಖ ಇನ್ನೂ ಚೆನ್ನಾಗಿ ಕಾಣ್ತಿತ್ತು."

"ಯಾರದು?" ಎಂದರು ಅತ್ತೆ.

"ನಂದು."

ಎಲ್ಲರೂ ಅವನ ಕಡೆ ತಿರುಗಿದರು. ಚಿಕ್ಕಳಿಯ ಮಾತ್ರ ಜೇಬಿನಿಂದ ಪೆನ್ಸಿಲ್ ತೆಗೆದು, ಹಳೆಯ ಪತ್ರಿಕೆಯ ಅಂಚಿನಲ್ಲಿ ಕೊಳವನ್ನೂ ಕ್ಯಾಮೆರಾವನ್ನೂ ಬರೆದು, ಹಲಗೆಯನ್ನು ತುಸು ಕೆಳಗೆ ಗುರುತು ಮಾಡಿ, "ಇಲ್ಲಿಗಾ ಭಾವ?" ಎಂದು ಮುಂದೆ ಹಿಡಿದ.

ದೊಡ್ಡಳಿಯ ಕತ್ತು ಉದ್ದ ಮಾಡಿ ನೋಡಿದ. ಚಿತ್ರ ಚೆನ್ನಾಗಿತ್ತು. ಅದೂ ಹೊಟ್ಟೆ ಉರಿಸುವಷ್ಟು.

"ಇನ್ನೂ ಕೆಳಗೆ" ಎಂದ.